ಹೋದ ವರ್ಷದ ಧಾರಣೆ, ಈ ವರ್ಷದ ಪ್ರವೇಶ

ರೋಹಿಣಿ ಮಳೆ ಸುರಿದು ಎರೆಭೂಮಿಯು ಮೃಗಶಿರೆಯ ಬಿತ್ತನೆಗೆ ಹದಗೊಳ್ಳುತ್ತಿರುವ ದಿನಗಳಲ್ಲಿ, ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ಒಕ್ಕಲು ಮನೆತನಗಳಲ್ಲಿ ಎರಡು ನಿರ್ಣಯಗಳು ಏಕಕಾಲಕ್ಕೆ ಪಕ್ವವಾಗುತ್ತವೆ. ಈ ವರ್ಷ ಹೊಲಕ್ಕೆ ಏನನ್ನು ಹಾಕತಕ್ಕದ್ದು ಎಂಬುದೊಂದು, ಪಿ.ಯು.ಸಿ. ಪಾಸಾದ ಮಗನನ್ನೋ ಮಗಳನ್ನೋ ಎಲ್ಲಿಗೆ ಹಾಕತಕ್ಕದ್ದು ಎಂಬುದು ಇನ್ನೊಂದು. ಹೋದ ಸುಗ್ಗಿಯಲ್ಲಿ ಉಳ್ಳಾಗಡ್ಡಿಗೆ ಒಳ್ಳೆಯ ಧಾರಣೆ ಸಿಕ್ಕಿದ್ದರೆ ಈ ಸಲ ಊರಿಗೆ ಊರೇ ಉಳ್ಳಾಗಡ್ಡಿ ಹಚ್ಚುವುದು, ಎಲ್ಲರ ಮಾಲೂ ಒಮ್ಮೆಲೇ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆ ಪ್ರಾಂಗಣಕ್ಕೆ ಬಂದು ಬೀಳಲು ಧಾರಣೆ ನೆಲ ಕಚ್ಚುವುದು, ಮರುವರ್ಷ ಅದೇ ಜನರು ಉಳ್ಳಾಗಡ್ಡಿಗೆ ಕೈಮುಗಿದು ಗೋವಿನಜೋಳದ ಕಡೆಗೆ ಹೊರಳುವುದು, ಇವೆಲ್ಲ ಇಲ್ಲಿಯವರಿಗೆ ಹೊಸವಲ್ಲ. ನಿಕೊಲಾಸ್ ಕಾಲ್ಡೋರ್ ಎಂಬ ಪಂಡಿತನು 1934ರಲ್ಲಿ ಈ ಚಕ್ರಕ್ಕೆ 'ಜೇಡರ ಬಲೆಯ ಪ್ರಮೇಯ'ವೆಂದು ನಾಮಕರಣ ಮಾಡಿದನು. ಇಷ್ಟನ್ನು ಅರಿಯಲು ಪಂಡಿತರು ಅಲ್ಲಿಯವರೆಗೆ ಕಾಯಬೇಕಾಯಿತೇ ಎಂದು ಅಣ್ಣಿಗೇರಿಯ ರೈತನು ನಕ್ಕರೆ ಅವನನ್ನು ತಪ್ಪೆನ್ನಲಾಗದು. ಆದರೆ 1976ರಲ್ಲಿ ರಿಚರ್ಡ್ ಫ್ರೀಮನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ಇದೇ ಪ್ರಮೇಯವನ್ನು ಇಂಜಿನಿಯರುಗಳಿಗೆ ಅನ್ವಯಿಸಿ, ಸಂಬಳ ಏರಿದ ವರ್ಷ ಗುಂಪುಗೂಡಿ ಕಾಲೇಜು ಸೇರಿದ ತರುಣರು ನಾಲ್ಕಾರು ವರ್ಷಗಳ ತರುವಾಯ ಗುಂಪಾಗಿಯೇ ಹೊರಬಿದ್ದು ಅದೇ ಸಂಬಳವನ್ನು ಕೆಳಗಿಳಿಸುತ್ತಾರೆಂದು ತೋರಿಸಿದ್ದನ್ನು ಕೇಳಿದರೆ, ಆ ರೈತನ ನಗೆ ಅರ್ಧಕ್ಕೇ ನಿಂತೀತು. ಏಕೆಂದರೆ ಹೊಲದಲ್ಲಿ ಅವನು ಕಲಿತ ಪಾಠವು ಮನೆಯೊಳಗೆ, ಮಕ್ಕಳ ಓದಿನ ವಿಷಯದಲ್ಲಿ, ಅವನಿಗೆ ನೆನಪಿಗೆ ಬಾರದು. "ಈಗೇನ್ ನಡದೈತ್ರಿ, ಬಿ.ಕಾಂ. ನಡದೈತೋ, ಬಿ.ಬಿ.ಎ. ನಡದೈತೋ?" ಎಂದು ಅವನು ಕೇಳುವ ಪ್ರಶ್ನೆಯು ಹೋದ ವರ್ಷದ ಧಾರಣೆಯ ಪ್ರಶ್ನೆಯೇ ಹೊರತು ಬೇರೆಯಲ್ಲ.

ಈಗ 'ನಡೆದಿರುವುದು' ವ್ಯವಹಾರ ಅರ್ಥಶಾಸ್ತ್ರ. ಒಬ್ಬ ಉತ್ಪಾದಕನು, ಒಂದು ಸಹಕಾರ ಸಂಘವು, ಒಂದು ಬ್ಯಾಂಕು ಬೆಲೆಯನ್ನೂ ವೆಚ್ಚವನ್ನೂ ಮುಂದಿನ ಅಪಾಯವನ್ನೂ ಹೇಗೆ ತೂಗಿ ನೋಡಿ ನಿರ್ಣಯಕ್ಕೆ ಬರಬೇಕೆಂಬುದನ್ನು ಕಲಿಸುವ ಈ ಶಾಸ್ತ್ರವು, ಗ್ರಾಮೀಣ ಧಾರವಾಡದ ಮಕ್ಕಳಿಗೆ ಒಗ್ಗತಕ್ಕ ವಿದ್ಯೆಯೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ತಕರಾರು ಇರುವುದು ಆರಿಸುವ ರೀತಿಯ ಬಗ್ಗೆ. ಈ ಒಂದು ವಿದ್ಯೆಯನ್ನು ನಮ್ಮಲ್ಲಿ ಹಲವು ಹೆಸರುಗಳಲ್ಲಿ ಮಾರಲಾಗುತ್ತಿದೆ. ಬಿ.ಕಾಂ. ಪದವಿಯಲ್ಲಿ ಅದು ಒಂದೆರಡು ಪತ್ರಿಕೆಗಳಿಗೆ ಸೀಮಿತ; ಬಿ.ಬಿ.ಎ. ಪದವಿಯಲ್ಲಿ ವ್ಯವಸ್ಥಾಪಕರಿಗೆಂದು ತೆಳುಗೊಳಿಸಿದ ರೂಪ, ಬಿ.ಎ.ಯಲ್ಲಿ ವ್ಯವಹಾರವನ್ನು ಬಿಟ್ಟು ಉಳಿದ ಅರ್ಥಶಾಸ್ತ್ರ. ದಿಲ್ಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಮಾತ್ರ 'ಬಿಸಿನೆಸ್ ಇಕನಾಮಿಕ್ಸ್' ಎಂಬ ಹೆಸರಿನ ಆನರ್ಸ್ ಪದವಿಯೇ ಉಂಟು. ಸಾಲದುದಕ್ಕೆ ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಅಕ್ಕ ಓದಿದ ಪಾಠಪಟ್ಟಿಯನ್ನು ಅದೇ ಕಾಲೇಜಿನಲ್ಲಿ ತಮ್ಮನು ಕಾಣನು. ಇಂಥ ಸ್ಥಿತಿಯಲ್ಲಿ ಪದವಿಯ ಹೆಸರನ್ನು ನಂಬಿ ಹೊರಡುವವನು ಪ್ರತಿ ವರ್ಷ ಸ್ಥಳ ಬದಲಿಸುವ ಗಡಿಕಲ್ಲನ್ನು ನೋಡಿ ಹೊಲ ಅಳೆದಂತಾದೀತು.

'ವಿಶ್ವವಿದ್ಯಾಲಯವನ್ನು ಆರಿಸುವುದು' ಎಂಬ ಮಾತಿನಲ್ಲಿಯೇ ಒಂದು ಭ್ರಮೆ ಅಡಗಿದೆ. ನವಲಗುಂದದ ಕಾಲೇಜಿನಲ್ಲಿ ಕುಳಿತು ಬಿ.ಕಾಂ. ಓದಿದವಳಿಗೂ ಧಾರವಾಡದ ಶತಮಾನ ದಾಟಿದ ಕಾಲೇಜಿನಲ್ಲಿ ಓದಿದವಳಿಗೂ ಪದವಿಯನ್ನು ಕೊಡುವುದು ಒಂದೇ ಕರ್ನಾಟಕ ವಿಶ್ವವಿದ್ಯಾಲಯ. ಪ್ರಶ್ನೆಪತ್ರಿಕೆ ಒಂದೇ, ಮುದ್ರೆ ಒಂದೇ. ಆದರೆ ಒಂದೆಡೆ ಸಂಖ್ಯಾಶಾಸ್ತ್ರದ ಅಧ್ಯಾಪಕರು ಇರಬಹುದು, ಇನ್ನೊಂದೆಡೆ ಆ ಕುರ್ಚಿ ಖಾಲಿ ಇರಬಹುದು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲಮೇಲೆ ನಿಂತಿವೆ. 2023ರ ಕೊನೆಯಲ್ಲಿ ಅವರು ಸೇವಾಭದ್ರತೆಗಾಗಿ ತರಗತಿಗಳನ್ನು ಬಹಿಷ್ಕರಿಸಿ ಧರಣಿ ಕುಳಿತಾಗ ಎಷ್ಟೋ ತಾಲೂಕು ಕೇಂದ್ರಗಳಲ್ಲಿ ಪಾಠವೇ ನಿಂತುಹೋಯಿತು. ಆದುದರಿಂದ ವಿದ್ಯಾರ್ಥಿಯು ವಸ್ತುತಃ ಆರಿಸತಕ್ಕದ್ದು ವಿಶ್ವವಿದ್ಯಾಲಯವನ್ನಲ್ಲ, ಕಾಲೇಜನ್ನೂ ಅಲ್ಲ. ಆ ಕಾಲೇಜಿನ ಒಂದು ವಿಭಾಗವನ್ನು, ಅದರಲ್ಲಿ ಕಾಯಂ ಆಗಿ ಕುಳಿತು ಪಾಠ ಹೇಳುವ ಇಬ್ಬರು ಮೂವರು ಅಧ್ಯಾಪಕರನ್ನು. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯು ಕೊಡುವ ಶ್ರೇಣಿ ಇಡೀ ಕಾಲೇಜಿಗೆ ಸಲ್ಲತಕ್ಕದ್ದು. ಅರ್ಥಶಾಸ್ತ್ರ ವಿಭಾಗದ ಹಾಜರಿಪುಸ್ತಕವನ್ನು ಅದು ನಮಗೆ ತೆರೆದು ತೋರಿಸುವುದಿಲ್ಲ.

ಹಿಂದಿನವರಿಗೆ ಈ ಗೊಂದಲವಿರಲಿಲ್ಲ, ಏಕೆಂದರೆ ಆರಿಸಲು ಅವರಿಗೆ ಏನೂ ಇರಲಿಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ವರೆಗೆ ಧಾರವಾಡ ಸೀಮೆಯ ಹುಡುಗನು ಮ್ಯಾಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಪುಣೆಯ ಹಾದಿ ಹಿಡಿಯಬೇಕಿತ್ತು; ಬೇಂದ್ರೆಯವರು ತಮ್ಮ ಬಿ.ಎ. ಪದವಿಯನ್ನು 1918ರಲ್ಲಿ ಪಡೆದದ್ದು ಅಲ್ಲಿಯ ಫರ್ಗ್ಯುಸನ್ ಕಾಲೇಜಿನಿಂದ. ಧಾರವಾಡದಲ್ಲಿ ಕಾಲೇಜು ನಿಂತ ಮೇಲೂ ಪದವಿ ಮುಂಬಯಿಯದೇ ಆಗಿತ್ತು. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಜನ್ಮ ತಳೆದು, ಮರುವರ್ಷ ಧಾರವಾಡಕ್ಕೆ ಬಂದಿತು. ಧಾರವಾಡದ ವಿಶ್ವವಿದ್ಯಾಲಯಕ್ಕೆ ಇಂದಿನ ಆಕಾರವನ್ನು ಕೊಟ್ಟವರು 1954ರಿಂದ 1967ರ ವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರು. ಅವರು ಕೇಂಬ್ರಿಜ್ಜಿನಲ್ಲಿ ರ‍್ಯಾಂಗ್ಲರ್ ಎನಿಸಿಕೊಂಡ ಗಣಿತಜ್ಞರು. ಈ ಕೊನೆಯ ಮಾತನ್ನು ನಾನು ಅಲಂಕಾರಕ್ಕಾಗಿ ಹೇಳಲಿಲ್ಲ.

ವ್ಯವಹಾರ ಅರ್ಥಶಾಸ್ತ್ರದ ಬಾಗಿಲಿಗೆ ಇರುವ ಅಗಳಿ ಗಣಿತ. ನಮ್ಮ ಹಳ್ಳಿಗಾಡಿನ ಮಕ್ಕಳಲ್ಲಿ ಬಹುಸಂಖ್ಯಾಕರು ಎಸ್.ಎಸ್.ಎಲ್.ಸಿ.ಯೊಡನೆ ಗಣಿತಕ್ಕೆ ಎಳ್ಳುನೀರು ಬಿಟ್ಟು ಪಿ.ಯು.ಸಿ. ವಾಣಿಜ್ಯ ವಿಭಾಗವನ್ನು ಸೇರುತ್ತಾರೆ. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಎಂಬ ನಾಲ್ಕನ್ನು ಕೂಡಿಸಿ 'ಎಚ್.ಇ.ಬಿ.ಎ.' ಎಂದು ಕರೆಯುವ ಜೋಡಣೆಯು ಎಲ್ಲ ತಾಲೂಕುಗಳಲ್ಲಿಯೂ ಸುಲಭವಾಗಿ ದೊರೆಯುತ್ತದೆ; ಇತಿಹಾಸದ ಸ್ಥಾನದಲ್ಲಿ ಸಂಖ್ಯಾಶಾಸ್ತ್ರವನ್ನೋ ಬೇಸಿಕ್ ಮ್ಯಾಥ್ಸನ್ನೋ ಇಟ್ಟುಕೊಳ್ಳುವ ಜೋಡಣೆಯು ಹಲವೆಡೆ ಅಧ್ಯಾಪಕರಿಲ್ಲದ ಕಾರಣದಿಂದ ಕಾಗದದ ಮೇಲೆಯೇ ಉಳಿಯುತ್ತದೆ. ಹದಿನಾರರ ಹರೆಯದಲ್ಲಿ, ಗೆಳೆಯನು ಯಾವ ಬೆಂಚಿನಲ್ಲಿ ಕುಳಿತನೆಂಬುದನ್ನು ನೋಡಿ ಮಾಡಿದ ಈ ಆಯ್ಕೆಯು ಮುಂದೆ ಯಾವ ಬಾಗಿಲುಗಳನ್ನು ಮುಚ್ಚಿತೆಂಬುದು ಎರಡು ವರ್ಷಗಳ ತರುವಾಯ ತಿಳಿದುಬರುತ್ತದೆ. ದಿಲ್ಲಿಯ ಆ ಬಿಸಿನೆಸ್ ಇಕನಾಮಿಕ್ಸ್ ಪದವಿಗೆ ಸಿ.ಯು.ಇ.ಟಿ. ಪ್ರವೇಶ ಪರೀಕ್ಷೆಯಲ್ಲಿ ಗಣಿತವನ್ನು ಬರೆಯಲೇಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು, 1986ರಿಂದ ನಮ್ಮ ಕಣ್ಣೆದುರಿಗೇ ಇರುವಂಥದು, ಕೃಷಿ ಅರ್ಥಶಾಸ್ತ್ರವನ್ನೂ ಕೃಷಿ ವ್ಯವಹಾರ ನಿರ್ವಹಣೆಯನ್ನೂ ಕಲಿಸುತ್ತದೆ. ರೈತರ ಮಕ್ಕಳಿಗೆಂದು ಕೃಷಿಕರ ಕೋಟಾವನ್ನೂ ಇರಿಸಿದೆ. ಆದರೆ ಅದರ ಸ್ನಾತಕ ಪದವಿಗೆ ವಿಜ್ಞಾನ ಓದಿರಬೇಕು. ತಂದೆಯೊಡನೆ ಹೊಲದಲ್ಲಿ ದುಡಿದು ಬೆಳೆದ ವಾಣಿಜ್ಯದ ವಿದ್ಯಾರ್ಥಿಗೆ ಅಲ್ಲಿ ಪ್ರವೇಶವಿಲ್ಲ. ಆದುದರಿಂದ ವಿಶ್ವವಿದ್ಯಾಲಯದ ಆಯ್ಕೆಯು ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಆರಂಭವಾಗುತ್ತದೆಂದು ತಿಳಿದವರು ಎರಡು ವರ್ಷ ತಡವಾಗಿ ಎಚ್ಚೆತ್ತವರೇ ಸರಿ.

ಇನ್ನು ಹುಬ್ಬಳ್ಳಿಯಿಂದ ಹೊರಡುವ ಹೆದ್ದಾರಿಗಳ ಇಕ್ಕೆಲಗಳಲ್ಲಿ ಬೇಸಗೆಯ ಉದ್ದಕ್ಕೂ ಎದ್ದುನಿಲ್ಲುವ, ಖಾಸಗಿ ಶಿಕ್ಷಣ ಸಂಸ್ಥೆಗಳ ಆಳೆತ್ತರದ ಫಲಕಗಳ ವಿಚಾರ. ಅವುಗಳಲ್ಲಿ ಟೈ ಕಟ್ಟಿದ ತರುಣ ತರುಣಿಯರು ನಗುತ್ತಿರುತ್ತಾರೆ; ಕೆಳಗೆ ಪ್ಲೇಸ್‌ಮೆಂಟಿನ ಪ್ರತಿಶತ ಪ್ರಮಾಣ, ಅತ್ಯಧಿಕ ವೇತನ, ಹವಾನಿಯಂತ್ರಿತ ತರಗತಿ. ಅತ್ಯಧಿಕ ವೇತನವು ಒಬ್ಬನಿಗೆ ಸಿಕ್ಕಿದ್ದು. ನಡುವಿನವನಿಗೆ ಏನು ಸಿಕ್ಕಿತೆಂಬುದನ್ನು ಯಾವ ಫಲಕವೂ ಹೇಳುವುದಿಲ್ಲ, ಮತ್ತು ಸರಾಸರಿಗೂ ಮಧ್ಯಾಂಕಕ್ಕೂ ಇರುವ ಭೇದವನ್ನು ಸಂಖ್ಯಾಶಾಸ್ತ್ರದ ಮೊದಲ ತಿಂಗಳಲ್ಲೇ ಕಲಿಸತಕ್ಕ ಸಂಸ್ಥೆಗಳು ತಮ್ಮ ಜಾಹೀರಾತಿನಲ್ಲಿ ಅದನ್ನು ಮರೆತಿರುವುದು ಚೋದ್ಯವಾಗಿದೆ. ಮಾರುವವನಿಗೆ ಗೊತ್ತಿರುವ ದೋಷವು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಪೇಟೆಯಲ್ಲಿ ಒಳ್ಳೆಯ ಮಾಲು ಹಿಂದೆ ಸರಿದು ಕೆಟ್ಟದ್ದೇ ಉಳಿಯುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದನು. ಪದವಿಯೆಂಬುದು ಉದ್ಯೋಗದಾತನಿಗೆ ಕೊಡುವ ಒಂದು ಸೂಚನೆ, ಸಮರ್ಥನಲ್ಲದವನಿಗೆ ಅದನ್ನು ಗಳಿಸುವುದು ಕಷ್ಟವಾದಾಗ ಮಾತ್ರ ಅದಕ್ಕೆ ಬೆಲೆ, ಎಂದು ಮೈಕೆಲ್ ಸ್ಪೆನ್ಸ್ 1973ರಲ್ಲಿ ವಾದಿಸಿದನು. ಇಬ್ಬರಿಗೂ, ಜೋಸೆಫ್ ಸ್ಟಿಗ್ಲಿಟ್ಸ್‌ನೊಡನೆ, 2001ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಸ್ಪೆನ್ಸನ ಮಾತನ್ನು ನಮ್ಮ ಸಂದರ್ಭಕ್ಕೆ ತಂದು ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ: ಶುಲ್ಕ ಕಟ್ಟಿದವರಿಗೆಲ್ಲ ತೆರೆಯುವ ಬಾಗಿಲಿನಿಂದ ಒಳಹೊಕ್ಕವನು ತನ್ನ ತಂದೆಯ ಹಣಬಲದ ಸೂಚನೆಯನ್ನು ಕೊಟ್ಟಾನೇ ವಿನಾ ತನ್ನ ಬುದ್ಧಿಬಲದ ಸೂಚನೆಯನ್ನಲ್ಲ. ಎಲ್ಲ ಖಾಸಗಿ ಸಂಸ್ಥೆಗಳಿಗೂ ಈ ಮಾತು ಸಲ್ಲದು; ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥವು ಪರೀಕ್ಷಿಸಿ ಆರಿಸಿ, ಬಡವರಿಗೆ ಧನಸಹಾಯವನ್ನೂ ಕೊಡುತ್ತವೆ. ಆದರೆ ಹೆದ್ದಾರಿಯ ಫಲಕಗಳಲ್ಲಿ ಅಂಥವುಗಳ ಹೆಸರನ್ನು ನಾನು ಕಾಣೆ.

ಹಣದ ಮಾತು ಬಂದುದರಿಂದ ಅದನ್ನು ನೇರವಾಗಿಯೇ ಆಡಿಬಿಡುವುದು ಲೇಸು. ಸ್ನಾತಕ ಪದವಿಗಾಗಿ ಹೊಲವನ್ನು ಮಾರಬಾರದು, ಒತ್ತೆಯನ್ನೂ ಇಡಬಾರದು. ಸರ್ಕಾರಿ ಹಾಗೂ ಅನುದಾನಿತ ಕಾಲೇಜಿನಲ್ಲಿ ವರ್ಷಕ್ಕೆ ಕೆಲವೇ ಸಾವಿರಗಳಲ್ಲಿ ಮುಗಿಯುವ ಮೂರು ವರ್ಷಗಳಿಗೆ ಹೊರಗೆ ಹಲವು ಲಕ್ಷಗಳನ್ನು ಸುರಿದು, ಎರಡೂ ಕಡೆ ಕೊನೆಗೆ ಅದೇ ಬ್ಯಾಂಕ್ ಪರೀಕ್ಷೆ, ಅದೇ ಎಂ.ಬಿ.ಎ. ಪ್ರವೇಶ ಪರೀಕ್ಷೆಗಳ ಸಾಲಿನಲ್ಲಿ ನಿಲ್ಲುವುದಾದರೆ, ಆ ವ್ಯತ್ಯಾಸದ ಹಣವನ್ನು ಸ್ನಾತಕೋತ್ತರ ವ್ಯಾಸಂಗಕ್ಕೆಂದು ಕಾದಿರಿಸುವುದೇ ವಿವೇಕ. ಏಕೆಂದರೆ ಅರ್ಥಶಾಸ್ತ್ರದಲ್ಲಿ ಊರು ಬಿಟ್ಟು ದೂರದ ಒಳ್ಳೆಯ ಸಂಸ್ಥೆಗೆ ಹೋದುದರ ಫಲ ಕಾಣುವುದು ಬಹುಮಟ್ಟಿಗೆ ಆ ಎರಡನೆಯ ಮಜಲಿನಲ್ಲಿ. ಧಾರವಾಡವು ಬಡ ವಿದ್ಯಾರ್ಥಿಗಳನ್ನು ಸಾಕಿದ ಊರು. ವಾರಾನ್ನದ ಕಾಲ ಕಳೆದು ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ಈ ನಾಡಿನ ಎಲ್ಲ ಇಲಾಖೆಗಳಲ್ಲಿಯೂ ಇದ್ದಾರೆ, ಇಂದು ಸರ್ಕಾರದ ವಸತಿನಿಲಯಗಳೂ ಉಂಟು. 2023ರ ಜೂನ್ ತಿಂಗಳಲ್ಲಿ ಬಂದ 'ಶಕ್ತಿ' ಯೋಜನೆಯ ಮೂಲಕ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದುದು, ಈ ಪ್ರಶ್ನೆಯ ಮಟ್ಟಿಗೆ ಯಾವ ವಿದ್ಯಾರ್ಥಿವೇತನಕ್ಕೂ ಕಡಮೆಯದಲ್ಲ. ಕಲಘಟಗಿಯ ಹುಡುಗಿಯು ತಾಲೂಕಿನ ಕಾಲೇಜಿನಲ್ಲಿ ಇಲ್ಲದ ಸಂಖ್ಯಾಶಾಸ್ತ್ರವನ್ನು ಅರಸಿ ಹುಬ್ಬಳ್ಳಿಗೋ ಧಾರವಾಡಕ್ಕೋ ನಿತ್ಯ ಹೋಗಿಬರುವುದಕ್ಕೆ ಮನೆಯವರು ಹಿಂದೆ ಹೇಳುತ್ತಿದ್ದ ಮೊದಲನೆಯ ನೆವವು ಅದರಿಂದ ಬಿದ್ದುಹೋಯಿತು. ಎರಡನೆಯ ನೆವವನ್ನು, ಸಂಜೆಯ ಕೊನೆಯ ಬಸ್ಸನ್ನು, ನೀಗಿಸತಕ್ಕವರು ಸಾರಿಗೆ ಸಂಸ್ಥೆಯವರು. ದೂರ ಹೋಗಲೇಬೇಕೆಂಬವರಿಗೆ 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಮಂಜೂರು ಮಾಡಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಇದೆ. ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಅದರಲ್ಲಿ ಜಾಮೀನಿಲ್ಲದೆ ಸಾಲ ದೊರೆಯುತ್ತದೆ. ಫಲಕ ಹಾಕಿದ ಸಂಸ್ಥೆಯು ಆ ಪಟ್ಟಿಯಲ್ಲಿದೆಯೇ ಎಂದು ಬ್ಯಾಂಕಿನ ಮ್ಯಾನೇಜರನ್ನು ಮೊದಲು ಕೇಳಿರಿ. ಅವನ ಉತ್ತರವೇ ಅರ್ಧ ಸಮಾಲೋಚನೆ.

ನಮ್ಮ ಸೀಮೆಯ ವಿಶ್ವವಿದ್ಯಾಲಯವನ್ನು ನಾನು ಎತ್ತಿ ಹಿಡಿಯುವುದಕ್ಕೆ ಅಗ್ಗವಾಗಿರುವುದೊಂದೇ ಕಾರಣವಲ್ಲ. ವ್ಯವಹಾರ ಅರ್ಥಶಾಸ್ತ್ರವನ್ನು ಕಲಿಯುವುದಕ್ಕೆ ಈ ಜಿಲ್ಲೆಗಿಂತ ಸಮೃದ್ಧವಾದ ಪ್ರಯೋಗಶಾಲೆಯನ್ನು ಬೇರೆಡೆ ಹುಡುಕುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದ ನಾಲ್ವತ್ತರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರವು ಅಮೆರಿಕದ ಹತ್ತಿಯ ತಳಿಯನ್ನು ಇಲ್ಲಿಯ ಎರೆಭೂಮಿಯಲ್ಲಿ ಬೆಳೆಯಿಸಿತು. 'ಧಾರವಾಡ-ಅಮೆರಿಕನ್' ಎಂಬ ಹೆಸರಿನಿಂದ ಅದು ಮಾರುಕಟ್ಟೆಗಳಲ್ಲಿ ಪ್ರಸಿದ್ಧವಾಯಿತು, ನಾಡಹತ್ತಿಯು ತಾನು ಹಡಗು ಹತ್ತುತ್ತಿದ್ದ ಬಂದರಿನ ಮೇಲಿಂದ 'ಕುಮಟಾ' ಎನಿಸಿಕೊಂಡಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ನಿಂತುಹೋದಾಗ ಇಲ್ಲಿಯ ಹತ್ತಿಗೆ ಕನಸಿನ ಧಾರಣೆ ಬಂದಿತು. 1865ರಲ್ಲಿ ಯುದ್ಧ ಮುಗಿದೊಡನೆ ಮುಂಬಯಿಯ ಪೇಟೆ ಕುಸಿಯಿತು. ದೂರದ ಯುದ್ಧದಿಂದ ಹತ್ತಿರದ ಹೊಲದ ಬೆಲೆ ಹೇಗೆ ಏರಿಳಿಯುತ್ತದೆಂಬ ಪಾಠವನ್ನು ಹೇಳಲು ಲಂಡನ್ನಿನ ಪಠ್ಯಪುಸ್ತಕದ ಉದಾಹರಣೆ ಬೇಕಿಲ್ಲ. ಆಗಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನಲ್ಲಿದ್ದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿಪತ್ತಿನ ಸಹಕಾರ ಸಂಘವು ಹುಟ್ಟಿತು. 1904ರ ಕಾಯಿದೆಯ ಶಾಯಿ ಆರುವ ಮುನ್ನವೇ ಒಂದು ಹಳ್ಳಿಯು ಸಾಲ, ಬಡ್ಡಿ, ಸಾಮೂಹಿಕ ಹೊಣೆಗಾರಿಕೆಗಳ ಅರ್ಥಶಾಸ್ತ್ರವನ್ನು ಕಾರ್ಯರೂಪಕ್ಕೆ ತಂದಿತ್ತು. ಮಲಪ್ರಭೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರವನ್ನು ಹೇರಿದುದರಿಂದ ಕೆರಳಿದ ರೈತರ ಬಂಡಾಯವು 1980ರ ಜುಲೈ 21ರಂದು ನವಲಗುಂದ-ನರಗುಂದಗಳಲ್ಲಿ ಗೋಲಿಬಾರಿನಲ್ಲಿ ಪರ್ಯವಸಾನಗೊಂಡಿತು. ಮುಂದೆ ಅದು ಇಡೀ ರಾಜ್ಯದ ರೈತ ಚಳವಳಿಗೆ ಬೀಜವಾಯಿತು. ಯೋಜನೆಯ ವೆಚ್ಚವನ್ನು ಯಾರು, ಯಾವಾಗ, ಯಾವ ಲಾಭಕ್ಕೆ ಪ್ರತಿಯಾಗಿ ತೆರಬೇಕೆಂಬ ಪ್ರಶ್ನೆಯು ಅಂದು ಬೀದಿಗೆ ಬಂದಿತ್ತು. ತರಗತಿಗೆ ಅದು ಇನ್ನೂ ಬಂದಿಲ್ಲ.

ಇಂದಿನ ಪ್ರಶ್ನೆಗಳೂ ಬಾಗಿಲಲ್ಲೇ ನಿಂತಿವೆ. ನವಲಗುಂದದಲ್ಲಿ ಹೆಸರು ಬೆಳೆಯು ಕಾಯಿ ಕಟ್ಟಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದು, ಬೆಣ್ಣಿಹಳ್ಳ ಉಕ್ಕಿ, ಕಾಳು ಬಳ್ಳಿಯಲ್ಲೇ ಮೊಳೆಯುತ್ತದೆ. ಬೆಳೆವಿಮೆಯ ಪರಿಹಾರವನ್ನು ನಿರ್ಣಯಿಸುವುದು ಮಾತ್ರ ಗ್ರಾಮ ಪಂಚಾಯತಿಯ ಮಟ್ಟದ ಕಟಾವು ಪ್ರಯೋಗಗಳ ಸರಾಸರಿಯಿಂದ. ತನ್ನ ಹೊಲ ಪೂರ್ತಿ ಹಾಳಾದರೂ ಪಂಚಾಯತಿಯ ಸರಾಸರಿ ಚೆನ್ನಾಗಿದ್ದರೆ ರೈತನ ಕೈಗೆ ಏನೂ ಬಾರದು. ಈ ಅಂತರವನ್ನು ಹೇಗೆ ಅಳೆಯಬೇಕು, ಹೇಗೆ ಕಿರಿದುಗೊಳಿಸಬೇಕು ಎಂಬುದು ಪ್ರಪಂಚದ ವಿಮಾ ಅರ್ಥಶಾಸ್ತ್ರಜ್ಞರನ್ನು ಕಾಡುತ್ತಿರುವ ಜೀವಂತ ಪ್ರಶ್ನೆ. ಕುಂದಗೋಳದ ಎರೆಹೊಲದಲ್ಲಿ ಬೆಳೆದ ಕೆಂಪು ಮೆಣಸಿನಕಾಯಿ ಬ್ಯಾಡಗಿಯ ಪೇಟೆಗೆ ಹೋಗುತ್ತದೆ. 2024ರ ಮಾರ್ಚ್ 11ರಂದು ಅಲ್ಲಿ ಧಾರಣೆ ದಿಢೀರನೆ ಕುಸಿದು, ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಟ್ಟಡಕ್ಕೂ ವಾಹನಗಳಿಗೂ ಬೆಂಕಿ ಹಚ್ಚಿದರು. ಕರ್ನಾಟಕವು ಕೃಷಿ ಮಾರುಕಟ್ಟೆಗಳನ್ನು ಏಕೀಕೃತ ಇ-ಟೆಂಡರ್ ಪದ್ಧತಿಯೊಳಗೆ ತಂದುದು ದೇಶಕ್ಕೇ ಮಾದರಿಯೆನಿಸಿತ್ತು. ಹೀಗಿದ್ದೂ ಒಂದೇ ದಿನದಲ್ಲಿ ಧಾರಣೆ ಹಾಗೆ ಮುರಿಯುವುದೇಕೆ, ಆವಕವು ಎಷ್ಟು ಕಾರಣ, ಖರೀದಿದಾರರ ಸಂಖ್ಯೆ ಎಷ್ಟು ಕಾರಣ, ಶೀತಲಗೃಹಗಳಲ್ಲಿದ್ದ ಹಳೆಯ ದಾಸ್ತಾನು ಎಷ್ಟು ಕಾರಣ, ಎಂಬುದನ್ನು ಅಂಕಿಸಂಖ್ಯೆಗಳಿಂದ ಬಿಡಿಸಿ ಹೇಳಬಲ್ಲವರು ಯಾರು? ದಲಾಲಿ ಅಂಗಡಿಯ ಲೆಕ್ಕವನ್ನು ಚಿಕ್ಕಂದಿನಿಂದ ನೋಡಿದ, ಮೆಣಸಿನಕಾಯಿಯ ಘಾಟನ್ನು ಬಲ್ಲ, ಸಂಖ್ಯಾಶಾಸ್ತ್ರವನ್ನೂ ಕಲಿತ ಕುಂದಗೋಳದ ಹುಡುಗಿಯಲ್ಲದೆ ಬೇರಾರು? ಆಕೆಗೆ ಸಿಗುತ್ತಿರುವ ಪಾಠವಾದರೋ ಅಪರಿಚಿತ ದೇಶದ ಕಂಪನಿಯೊಂದರ ಬೆಲೆನೀತಿಯ ಕಂಠಪಾಠ.

ಭಾಷೆಯ ವಿಚಾರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿಬಂದ ವಿದ್ಯಾರ್ಥಿಯು ಇಂಗ್ಲಿಷಿನ ಪಠ್ಯದೆದುರು ತಬ್ಬಿಬ್ಬಾಗುವುದು ಸಹಜ. ಆ ಭಯದಿಂದ ಅವನು ಗೈಡು ಪುಸ್ತಕಗಳಿಗೆ ಶರಣು ಹೋಗುವುದೂ ಸಹಜ. ಚೆನ್ನವೀರ ಕಣವಿಯವರು ಪ್ರಸಾರಾಂಗದ ನಿರ್ದೇಶಕರಾಗಿದ್ದ ಕಾಲದಲ್ಲಿ ಇದೇ ಕರ್ನಾಟಕ ವಿಶ್ವವಿದ್ಯಾಲಯವು ವಿದ್ವಾಂಸರನ್ನು ಊರೂರಿಗೆ ಕಳುಹಿಸಿ ಉಪನ್ಯಾಸ ಮಾಡಿಸಿ, ಅವನ್ನು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿತು. ಶಾಸ್ತ್ರವು ಕನ್ನಡದಲ್ಲಿ ಸಲೀಸಾಗಿ ಮಾತನಾಡಬಲ್ಲುದೆಂಬುದಕ್ಕೆ ಆ ಮಾಲೆಯೇ ಸಾಕ್ಷಿ. ಮೊದಲ ವರ್ಷದ ತತ್ತ್ವಗಳನ್ನು ಕನ್ನಡದಲ್ಲಿ ತಿಳಿಹೇಳಿ, ಮೂರನೆಯ ವರ್ಷಕ್ಕೆ ಇಂಗ್ಲಿಷಿನ ಪ್ರಬಂಧವನ್ನು ತಾನೇ ಓದಿಕೊಳ್ಳುವಷ್ಟು ಕೈಹಿಡಿದು ನಡೆಸುವ ಅಧ್ಯಾಪಕರು ಇದ್ದಲ್ಲಿಗೆ ಹೋಗಿರಿ. ಇಂಗ್ಲಿಷಿನಲ್ಲಿ ಮಾತನಾಡಿದವನಿಗೆ ಅರ್ಥಶಾಸ್ತ್ರ ಬರುತ್ತದೆಂದು ನಂಬಿದವರಿಂದ ದೂರವಿರಿ.

ಹಾಗಾದರೆ ನಿಷ್ಕರ್ಷೆಯೇನು ಎಂದು ಓದುಗರು ಕೇಳಿಯಾರು. ಗಣಿತದಲ್ಲಿ ನಿಜವಾದ ಒಲವುಳ್ಳವರು, ಹೊರಗೆ ಹೋಗುವ ಧೈರ್ಯವೂ ಉಳ್ಳವರು, ದಿಲ್ಲಿಯ ಕಾಲೇಜುಗಳನ್ನೂ, 1930ರಲ್ಲಿ ಸ್ಥಾಪಿತವಾದ ಪುಣೆ ನಗರದ ಗೋಖಲೆ ಸಂಸ್ಥೆಯನ್ನೂ, 2017ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನ ಮಾದರಿಯಲ್ಲಿ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸನ್ನೂ ಪ್ರಯತ್ನಿಸಿ ನೋಡತಕ್ಕದ್ದು; ಬೆಂಗಳೂರಿನ ಈ ಸಂಸ್ಥೆಯು ನಮ್ಮದೇ ತೆರಿಗೆಯ ಹಣದಿಂದ ನಡೆಯುವಂಥದಾದರೂ ಅದರ ಹೆಸರನ್ನು ನಮ್ಮ ತಾಲೂಕುಗಳ ಪಿ.ಯು. ಕಾಲೇಜುಗಳಲ್ಲಿ ಬಾಯಿಬಿಟ್ಟು ಹೇಳುವವರು ವಿರಳ. ಉಳಿದವರು, ಎಂದರೆ ಬಹುಸಂಖ್ಯಾಕರು, ಹುಬ್ಬಳ್ಳಿ-ಧಾರವಾಡದ ಸರ್ಕಾರಿ ಅಥವಾ ಅನುದಾನಿತ ಕಾಲೇಜುಗಳಲ್ಲಿ ಅರ್ಥಶಾಸ್ತ್ರದೊಡನೆ ಸಂಖ್ಯಾಶಾಸ್ತ್ರವನ್ನೋ ಗಣಿತವನ್ನೋ ಕೂಡಿಸಿ ಓದಲು ಎಲ್ಲಿ ಆಸ್ಪದವಿದೆಯೋ ಅದನ್ನು ಹುಡುಕಿ ಸೇರತಕ್ಕದ್ದು, ಬಿ.ಕಾಂ. ಆದರೂ ಆಗಬಹುದು, ಬಿ.ಎ. ಆದರೂ ಆಗಬಹುದು. ಹೊಸದಾಗಿ ಹುಟ್ಟಿದ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅವಶ್ಯಕ: ನೆರೆಯ ಹಾವೇರಿಯೂ ಸೇರಿದಂತೆ ಈಚೆಗೆ ಜಿಲ್ಲೆಗೊಂದರಂತೆ ತೆರೆದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿಯೇ ಶಿಫಾರಸು ಮಾಡಿತು. ಹಣವಿಲ್ಲದೆ ಹುಟ್ಟಿಸಿದವರ ತಪ್ಪಿಗೆ ಮಕ್ಕಳು ದಂಡ ತೆರುವಂತಾಗಬಾರದು.

ಯಾವ ಕಾಲೇಜಾದರೂ ಸರಿಯೇ, ಶುಲ್ಕ ಕಟ್ಟುವ ಮುನ್ನ ತಂದೆತಾಯಿಗಳು ಒಂದು ದಿನ ಅಲ್ಲಿಗೆ ಹೋಗಿ, ಪ್ರಿನ್ಸಿಪಾಲರ ಕೊಠಡಿಯಲ್ಲಿ ಚಹಾ ಕುಡಿದು ಮರಳದೆ, ಹೋದ ವರ್ಷದ ವೇಳಾಪಟ್ಟಿಯನ್ನು ಕೇಳಿ ಪಡೆಯಬೇಕು. ಸಂಖ್ಯಾಶಾಸ್ತ್ರದ ತಾಸುಗಳೆಷ್ಟು, ಅವನ್ನು ತೆಗೆದುಕೊಂಡವರು ಯಾರು, ಅವರು ಈ ವರ್ಷವೂ ಇರುವರೇ ಎಂದು ವಿಚಾರಿಸಬೇಕು. ಗ್ರಂಥಾಲಯಕ್ಕೆ ಹೋಗಿ ಅರ್ಥಶಾಸ್ತ್ರದ ಪುಸ್ತಕಗಳನ್ನು ಹೊರಗೆ ಕೊಡುತ್ತಾರೋ, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೋ ಎಂಬುದನ್ನು ಕಣ್ಣಾರೆ ಕಾಣಬೇಕು. ಎರಡನೆಯ ವರ್ಷದ ನಾಲ್ಕು ಜನ ವಿದ್ಯಾರ್ಥಿಗಳನ್ನು ಹೊರಗೆ ಕ್ಯಾಂಟೀನಿನಲ್ಲಿ ಮಾತನಾಡಿಸಬೇಕು. ಸಂತೆಯಲ್ಲಿ ಒಂದು ಕುರಿ ಕೊಳ್ಳಲು ಅರ್ಧ ದಿನ ಕಳೆಯುವ ನಾವು ಮೂರು ವರ್ಷಗಳ ಆಯುಷ್ಯಕ್ಕೆ ಇಷ್ಟನ್ನು ಮಾಡಲಾರೆವೆಂದರೆ ಯಾರೂ ನಂಬಲಾರರು.

ಕರ್ನಾಟಕ ವಿಶ್ವವಿದ್ಯಾಲಯಕ್ಕೂ ನನ್ನದೊಂದು ಬಿನ್ನಹವುಂಟು. ಪ್ರಾದೇಶಿಕ ಅಸಮತೋಲನವನ್ನು ಕುರಿತು 2002ರಲ್ಲಿ ವರದಿ ಸಲ್ಲಿಸಿ, ರಾಜ್ಯದ 114 ತಾಲೂಕುಗಳು ಹಿಂದುಳಿದಿವೆಯೆಂದು ಲೆಕ್ಕಹಾಕಿ ತೋರಿಸಿದ ಡಿ.ಎಂ. ನಂಜುಂಡಪ್ಪನವರು ಇದೇ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರೂ ಕುಲಪತಿಗಳೂ ಆಗಿದ್ದವರು. ಅಂಕಿಸಂಖ್ಯೆಯನ್ನು ನ್ಯಾಯದ ಸಾಧನವನ್ನಾಗಿ ಮಾಡಿದ ಆ ಪರಂಪರೆಗೆ ತಕ್ಕಂತೆ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಲೆಕ್ಕಶಾಸ್ತ್ರಗಳನ್ನು ಸಮವಾಗಿ ಹೆಣೆದ ಮೂರು ವರ್ಷದ ವ್ಯವಹಾರ ಅರ್ಥಶಾಸ್ತ್ರ ಪದವಿಯೊಂದನ್ನು ವಿಶ್ವವಿದ್ಯಾಲಯವು ಆರಂಭಿಸಲಿ. ಅದರ ಒಂದು ಅವಧಿಯನ್ನು ವಿದ್ಯಾರ್ಥಿಗಳು ಅಮರಗೋಳದ ಮಾರುಕಟ್ಟೆಯಲ್ಲಿಯೂ ಹಳ್ಳಿಯ ಪತ್ತಿನ ಸಹಕಾರ ಸಂಘಗಳಲ್ಲಿಯೂ ಕಳೆಯಲಿ. ಅಷ್ಟು ಆಗುವ ತನಕ, ಪ್ರತಿ ಬೇಸಗೆಯಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಒಂದೊಂದು ಕಾಲೇಜಿನಲ್ಲಿ, ಗಣಿತ ಬಿಟ್ಟುಬಂದ ವಾಣಿಜ್ಯ ವಿದ್ಯಾರ್ಥಿಗಳಿಗಾಗಿ ಆರು ವಾರಗಳ ಗಣಿತ ತರಗತಿಯನ್ನಾದರೂ ನಡೆಸಲಿ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾಯಿದೆ ಬೇಡ. ನಾಲ್ವರು ಅಧ್ಯಾಪಕರೂ ಅವರ ಪ್ರವಾಸಭತ್ಯೆಯೂ ಸಾಕು.